ಚಳಿಗೆ ಮುಂಚೆ ಬರುತ್ತಿದ್ದ ಒಲೆಯಮ್ಮ

ದೀಪಾವಳಿ ಕಳೆದು ಎರಡು ವಾರವಾಯಿತು. ಹಾಸನದಲ್ಲಿ ಈಗ ಬೆಳಿಗ್ಗೆ ಎಂಟಾದರೂ ಮಂಜು ಬಿಡುವುದಿಲ್ಲ. ಹಾಲು ತರಲು ಹೋಗುವವರೆಲ್ಲ ಮಫ್ಲರ್ ಸುತ್ತಿಕೊಂಡು ಒಬ್ಬರನ್ನೊಬ್ಬರು ಗುರುತು ಹಿಡಿಯದೆ ದಾಟಿಹೋಗುತ್ತಾರೆ. ಪ್ರತಿವರ್ಷ ಇಷ್ಟು ಹೊತ್ತಿಗೆ ನಮ್ಮ ಗೇಟಿನ ಚಿಲಕ ಸದ್ದಾಗುತ್ತಿತ್ತು. ಯಾರು ಎಂದು ನಾನು ಕೇಳುವಷ್ಟರಲ್ಲಿ ಹೆಗಲಿಗೊಂದು ಚೀಲ ಹಾಕಿಕೊಂಡ ಗಿಡ್ಡನೆಯ ಹೆಂಗಸೊಬ್ಬರು ಮನೆಯ ಪಕ್ಕದ ಓಣಿಯಲ್ಲಿ ಹಾದು ಹಿತ್ತಿಲಿಗೆ ಬಂದು ನಿಂತಿರುತ್ತಿದ್ದರು. ಈ ವರ್ಷ ಬರಲಿಲ್ಲ. ಅವರು ಕಳೆದ ಆಷಾಢದಲ್ಲಿ ಹೊಳೆನರಸೀಪುರದ ತಮ್ಮ ಮನೆಯಲ್ಲಿ ತೀರಿಕೊಂಡರು.

ಊರವರೆಲ್ಲ ಅವರನ್ನು ಒಲೆಯಮ್ಮ ಎನ್ನುತ್ತಿದ್ದರು. ಅವರ ನಿಜವಾದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಪತ್ರಿಕೆಯವರೊಬ್ಬರು ಫೋಟೋ ತೆಗೆಯಲು ಹೋದಾಗ, "ಎಸ್ರು ಗಿಸ್ರು ಹಾಕ್ಬ್ಯಾಡಿ ಸಾ, ಆಮೇಲ್ ಜನ ನನ್ನ ನೋಡೋಕ್ ಬತ್ತಾರೆ, ಒಲೆ ನೋಡಲ್ಲ" ಎಂದು ವಾಪಸು ಕಳಿಸಿದ್ದರು. ಬಚ್ಚಲುಮನೆಯಲ್ಲಿ ನೀರು ಕಾಯಿಸುವ ಹಂಡೆಯ ಒಲೆ ಕಟ್ಟುವುದು, ಅದನ್ನು ಪ್ರತಿವರ್ಷ ಚಳಿಗಾಲಕ್ಕೆ ಮುಂಚೆ ಸಜ್ಜುಮಾಡಿ ಕೊಡುವುದು ಅವರ ಕೆಲಸ. ಹೊಳೆನರಸೀಪುರದಿಂದ ಅರಕಲಗೂಡಿನವರೆಗೆ ಎಷ್ಟೋ ಬಚ್ಚಲುಗಳಲ್ಲಿ ಅವರ ಕೈಯ ಒಲೆಗಳು ಈಗಲೂ ಉರಿಯುತ್ತಿವೆ.

ನಾನು ಮೈಸೂರಿನಿಂದ ಹೊಳೆನರಸೀಪುರದ ಹೈಸ್ಕೂಲಿಗೆ ವಿಜ್ಞಾನದ ಶಿಕ್ಷಕಿಯಾಗಿ ವರ್ಗವಾಗಿ ಬಂದ ವರ್ಷ ಅವರ ಪರಿಚಯವಾಯಿತು. ಬಾಡಿಗೆ ಮನೆಯ ಬಚ್ಚಲಿನಲ್ಲಿ ತಾಮ್ರದ ದೊಡ್ಡ ಹಂಡೆ ಇತ್ತು. ಉರಿ ಹಾಕಿದರೆ ಹೊಗೆಯೆಲ್ಲ ಒಳಗೇ ತುಂಬುತ್ತಿತ್ತು. ನಾನು ದಿನವೂ ಕೆಂಪು ಕಣ್ಣು ಮಾಡಿಕೊಂಡು ಶಾಲೆಗೆ ಹೋಗುತ್ತಿದ್ದೆ. ಹುಡುಗಿಯರು ಮನೆಯಲ್ಲಿ ನನಗೇನೋ ಕಷ್ಟವಿದೆ ಎಂದು ತಿಳಿದು ಬಹಳ ವಿನಯದಿಂದ ನಡೆದುಕೊಳ್ಳುತ್ತಿದ್ದರು. ಕೊನೆಗೆ ಪಕ್ಕದ ಮನೆಯವರು ಒಲೆಯಮ್ಮನಿಗೆ ಹೇಳಿ ಕಳಿಸಿದರು.

ಅವರು ಬಂದವರೇ ಒಲೆಯ ಕಡೆ ನೋಡಲಿಲ್ಲ. "ಈ ಮನೇಲಿ ಉರಿ ಹಾಕೋರು ಯಾರು?" ಎಂದರು.

"ನಮ್ಮ ಯಜಮಾನರು" ಎಂದೆ.

"ಅಂಗಾದ್ರೆ ಅವ್ರು ಬರ್ಲಿ. ನೀವು ಒಳೀಕ್ ಓಗಿ ಕಾಫಿ ಕುಡೀರಿ ಮೇಡಂನೋರೆ."

ಇದು ಅವರ ನಿಯಮವೆಂದು ಆಮೇಲೆ ಗೊತ್ತಾಯಿತು. ಮನೆಯ ಹಿರಿಯರು ಎಷ್ಟೇ ದೊಡ್ಡವರಿರಲಿ, ಒಲೆಯ ವಿಷಯ ಅವರ ಹತ್ತಿರ ಮಾತಾಡುತ್ತಿರಲಿಲ್ಲ. ದಿನಾ ಬೆಳಿಗ್ಗೆ ಆ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂರುವವರು ಸೊಸೆಯಾಗಲಿ, ಕೆಲಸದವಳಾಗಲಿ, ಅವರು ಬಂದು ಎದುರಿಗೆ ನಿಂತ ಮೇಲೆಯೇ ಒಲೆಯಮ್ಮ ಚೀಲ ಬಿಚ್ಚುತ್ತಿದ್ದರು. ಅವತ್ತು ನನ್ನ ಗಂಡನ ಕೈಯಲ್ಲೇ ಉರಿ ಹಾಕಿಸಿ, ವೈದ್ಯರು ಎದೆಬಡಿತ ಕೇಳುವ ಹಾಗೆ ತಲೆ ಒಂದು ಕಡೆಗೆ ವಾಲಿಸಿ ಸ್ವಲ್ಪ ಹೊತ್ತು ಕೂತರು.

"ಒಲೆ ಸರ್ಯಾಗೈತೆ. ಒಗೆಗೆ ಓಗೋಕ್ ದಾರಿ ಇಲ್ಲ" ಎಂದು ಎದ್ದು, ಸೆರಗು ಸಿಕ್ಕಿಸಿಕೊಂಡು ಏಣಿ ಹತ್ತಿಯೇಬಿಟ್ಟರು. ಮನೆಯ ಮಾಲೀಕರು ಮಹಡಿಯ ಮೇಲೆ ಹೊಸದಾಗಿ ತಗಡಿನ ಷೀಟು ಹೊದಿಸಿದ್ದರು. ಅದು ಹೊಗೆಕೊಳವೆಯ ಬಾಯಿಗೆ ಅಡ್ಡ ಬಂದಿತ್ತು. ಮಾಲೀಕರು ತೋಟ ಗದ್ದೆ ಬೇಕಾದಷ್ಟಿದ್ದ, ಊರಿನಲ್ಲಿ ಮಾತು ನಡೆಯುವ ಗೌಡರು. ಏಣಿಯ ಕೆಳಗೆ ಬಂದು ನಿಂತು, ಮುಂದಿನ ವಾರ ನೋಡೋಣ ಎಂದರು.

ಒಲೆಯಮ್ಮ ಏಣಿಯ ಮೇಲಿಂದಲೇ ಹೇಳಿದರು: "ಆಗ್ಲಿ ಗೌಡ್ರೆ. ನಾಳೆ ಬೆಳಿಗ್ಗೆ ಒಂದ್ಸಲ ಬಂದು ಇವ್ರ ಬಚ್ಚಲಲ್ಲಿ ನೀವೇ ಸ್ನಾನ ಮಾಡ್ಕೊಂಡೋಗಿ. ಆಮೇಲೂ ಮುಂದಿನ್ ವಾರ ಅಂದ್ರೆ ನಾನ್ ಸುಮ್ಕಾಯ್ತೀನಿ."

ಗೌಡರು ನಕ್ಕರು. ಮಾರನೆಯ ದಿನವೇ ಕೊಳವೆ ಷೀಟಿಗಿಂತ ಎರಡು ಮೊಳ ಎತ್ತರಕ್ಕೆ ಏರಿತು. ನನ್ನ ಕಣ್ಣಿನ ಕೆಂಪು ಇಳಿಯಿತು. ಹುಡುಗಿಯರ ವಿನಯವೂ ಇಳಿಯಿತು.

ಅಲ್ಲಿಂದ ಮುಂದೆ ಪ್ರತಿವರ್ಷ ದೀಪಾವಳಿ ಮುಗಿದ ಮೇಲೆ ಅವರು ಬರುವುದು ವಾಡಿಕೆಯಾಯಿತು. ಹಗ್ಗದ ತುದಿಗೆ ಕಲ್ಲು ಕಟ್ಟಿ, ಅದರ ಮೇಲೆ ಗೋಣಿಯ ಉಂಡೆ ಸುತ್ತಿ, ಹೊಗೆಕೊಳವೆಯೊಳಗೆ ಇಳಿಬಿಟ್ಟು ಎಳೆಯುತ್ತಿದ್ದರು. ಬಕೆಟ್ಟುಗಟ್ಟಲೆ ಮಸಿ ಬೀಳುತ್ತಿತ್ತು. ಆಮೇಲೆ ಹಂಡೆಯನ್ನು ಬೆರಳ ಗೆಣ್ಣಿನಿಂದ ಸುತ್ತಲೂ ತಟ್ಟಿ ಸದ್ದು ಕೇಳುತ್ತಿದ್ದರು. ಬೋರ್‌ವೆಲ್ ನೀರಿನ ಸುಣ್ಣ ಎಲ್ಲಿ ದಪ್ಪವಾಗಿ ಕಟ್ಟಿದೆ ಎಂಬುದು ಆ ಸದ್ದಿನಲ್ಲಿ ಅವರಿಗೆ ತಿಳಿಯುತ್ತಿತ್ತು. ಬಿರುಕು ಬಿಟ್ಟ ಕಡೆ ಕೆಮ್ಮಣ್ಣು, ಸಗಣಿ, ಭತ್ತದ ಹೊಟ್ಟು ಕಲಸಿ ಮೆತ್ತಿ, ಎರಡು ದಿನ ಒಣಗಲು ಬಿಟ್ಟು, ಮೂರನೆಯ ದಿನ ಬರೀ ತೆಂಗಿನ ಗರಿಯ ಸಣ್ಣ ಉರಿ ಹಾಕಿಸುತ್ತಿದ್ದರು. "ಒಸ ಸೊಸೆ ನೋಡ್ಕಂಡಂಗ್ ನೋಡ್ಕಳಿ ಸಾ. ಬಂದಿದ್ ದಿನವೇ ಕೊಪ್ಪರಿಗೆ ಎತ್ತಿಸ್ಬ್ಯಾಡಿ" ಎಂದು ನನ್ನ ಗಂಡನಿಗೆ ಹೇಳುತ್ತಿದ್ದರು. ಕೊನೆಗೆ ಸೂರಿನ ಕೆಳಗೆ ಜೋಡಿಸಿದ ತೆಂಗಿನ ಮಟ್ಟೆಯ ರಾಶಿಗೆ ಹೋಗಿ, ಒಂದೊಂದನ್ನೇ ಮುರಿದು ನೋಡಿ, ಹಸಿ ಇದ್ದದ್ದನ್ನೆಲ್ಲ ಅಂಗಳಕ್ಕೆ ಎಸೆಯುತ್ತಿದ್ದರು. ನಾವು ಏನೂ ಕೇಳದೆ ಎತ್ತಿ ಬಿಸಿಲಿಗೆ ಹಾಕುತ್ತಿದ್ದೆವು.

ಅವರ ಮಾತು ಒರಟು. ಚೆನ್ನಾಗಿದೆ ಎಂಬ ಮಾತನ್ನು ಯಾವ ಒಲೆಗೂ, ಯಾವ ಮನುಷ್ಯರಿಗೂ ಹೇಳಿದ್ದು ನಾನು ಕೇಳಿಲ್ಲ. ತಪ್ಪು ಮಾಡುತ್ತಿರಲಿಲ್ಲವೆಂದೂ ಅಲ್ಲ. ಒಂದು ವರ್ಷ ನಮ್ಮ ಹಂಡೆ ಸೋರುತ್ತಿದೆ ಎಂದು ಹಟ ಹಿಡಿದು ಕೀಳಿಸಿದರು. ಹಂಡೆ ಸರಿಯಾಗಿಯೇ ಇತ್ತು. ಅವತ್ತು ಏನೂ ಹೇಳದೆ ಮತ್ತೆ ಕೂರಿಸಿ ಹೋದರು. ಮುಂದಿನ ವರ್ಷ ಬಂದಾಗ ಚೀಲ ಇಳಿಸುವ ಮೊದಲು, "ಓದ್ ವರ್ಷ ನಂದೇ ತಪ್ಪು, ಗೋಡೆ ತೇವ ನೋಡಿ ಅಂಡೆ ಅನ್ಕಂಡೆ" ಎಂದರು. ಒಂದು ವರ್ಷ ಆ ಮಾತನ್ನು ಇಟ್ಟುಕೊಂಡಿದ್ದರು ಎಂದು ನನಗೆ ಅಚ್ಚರಿಯಾಯಿತು.

ಮನೆಮನೆಗೆ ಸೋಲಾರ್ ಬಂದಾಗ ಎಲ್ಲರೂ ಇನ್ನು ಇವರ ಕೆಲಸ ಮುಗಿಯಿತು ಎಂದುಕೊಂಡರು. ಅವರು ಹಾಗೆ ಎಣಿಸಲಿಲ್ಲ. "ಬಿಸ್ಲೂ ಉರಿನೇ ಅಲ್ವಾ" ಎಂದು ಸೋಲಾರ್ ಕೂರಿಸುವವರ ಹಿಂದೆ ಮಹಡಿಗೆ ಹತ್ತಿ, ಯಾವ ಕೊಳವೆಯಲ್ಲಿ ತಣ್ಣೀರು, ಯಾವುದರಲ್ಲಿ ಬಿಸಿನೀರು ಎಂದು ಕೇಳಿ ತಿಳಿದುಕೊಂಡರು. ನಾನು ಹಾಸನಕ್ಕೆ ವರ್ಗವಾಗಿ ಇಲ್ಲೊಂದು ಬಾಡಿಗೆ ಮನೆಯಲ್ಲಿದ್ದಾಗ, ಮಳೆಗಾಲಕ್ಕೆ ಮುಂಚೆ ಚೆನ್ನಾಗಿ ಕಾಯುತ್ತಿದ್ದ ಸೋಲಾರ್ ನೀರು ಡಿಸೆಂಬರಿನಲ್ಲಿ ಉಗುರು ಬೆಚ್ಚಗೂ ಆಗುತ್ತಿರಲಿಲ್ಲ. ಮೆಕ್ಯಾನಿಕ್ ಎರಡು ಸಲ ಬಂದು ಹೋದರು. ಅಲ್ಲಿಗೂ ಪ್ರತಿವರ್ಷ ಬರುತ್ತಿದ್ದ ಒಲೆಯಮ್ಮ ಗಾಜಿನ ಧೂಳು ಒರೆಸಿ, ಮಹಡಿಯ ಮೇಲೆ ಒಂದು ಗಂಟೆ ಸುಮ್ಮನೆ ಕೂತರು. ಇಳಿದು ಬಂದು ಹೇಳಿದರು: "ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲ್ಕತ್ತಾನೆ ಕಣ್ ಮೇಡಂನೋರೆ. ಪಕ್ಕದ್ಮನೆ ನೀರಿನ್ ಟ್ಯಾಂಕಿನ ನೆರಳು ಮಧ್ಯಾಹ್ನದಗಂಟ ಇದ್ರ ಮ್ಯಾಲೇ ಐತೆ."

ಅದೇ ಪಾಠವನ್ನು ನಾನು ಒಂಬತ್ತನೆಯ ತರಗತಿಗೆ ಚಿತ್ರ ಬರೆದು ಮಾಡುತ್ತಿದ್ದೆ. ನನ್ನ ತಲೆಯ ಮೇಲಿನ ಮಹಡಿಯಲ್ಲಿ ಅದು ನಡೆಯುತ್ತಿದೆ ಎಂದು ಹೊಳೆದಿರಲಿಲ್ಲ.

ಕೆಲವು ವರ್ಷಗಳ ನಂತರ ನಾವು ಹಾಸನದಲ್ಲೇ ಸ್ವಂತ ಮನೆ ಕಟ್ಟಿದೆವು. ಕಾರ್ತಿಕ ಮಾಸದಲ್ಲಿ ಗೃಹಪ್ರವೇಶ. ಒಲೆಯಮ್ಮನನ್ನು ನಾನೇ ಹೋಗಿ ಕರೆದು ಬಂದಿದ್ದೆ. ಅವರು ಬೆಳಗಿನ ಬಸ್ಸಿಗೆ ಬಂದು, ಅರಿಶಿನ ಕುಂಕುಮ ಇಸಿದುಕೊಂಡು, ದೇವರಿಗೆ ಕೈಮುಗಿದು, ಮಂಗಳಾರತಿ ತಟ್ಟೆಯ ಪಕ್ಕದಲ್ಲಿದ್ದ ಊದುಬತ್ತಿಯಲ್ಲಿ ಒಂದನ್ನು ಎತ್ತಿಕೊಂಡು ನೆಟ್ಟಗೆ ಬಚ್ಚಲುಮನೆಗೆ ಹೋದರು. ಬಾಗಿಲು ಹಾಕಿಕೊಂಡರು. ಅಲ್ಲಿ ಸೋಲಾರ್ ಸಾಲದ ದಿನಗಳಿಗೆಂದು ಹೊಸ ಗ್ಯಾಸ್ ಗೀಸರ್ ಗೋಡೆಗೆ ಕೂರಿಸಿದ್ದೆವು. ಕಿಟಕಿಗೆ ಅಂದವಾಗಿ ಕಾಣಲೆಂದು ತೆಗೆಯಲಾಗದ ಬಣ್ಣದ ಗಾಜು.

ಹೊರಗೆ ಬಂದಾಗ ಅವರ ಮುಖ ಬಿಗಿದಿತ್ತು. "ಊದ್ಬತ್ತಿ ಒಗೆ ಅಲ್ಲೇ ಸುತ್ತಾಡ್ತೈತೆ. ಗಾಳಿಗೆ ಓಗೋಕ್ ತಾವೇ ಇಲ್ಲ. ಈ ಪೆಟ್ಗೆನ ಆಚೆ ಗೋಡೆಗ್ ಹಾಕ್ಸಿ. ಒಳೀಕ್ ನೀರ್ ಮಾತ್ರ ಬರ್ಲಿ. ಆ ಗಾಜು ತೆಗ್ಸಿ. ಇವತ್ತೇ ಆಗ್ಬೇಕು."

ಅರಕಲಗೂಡಿನಿಂದ ಬಂದಿದ್ದ ನನ್ನ ಅತ್ತೆ ಪಕ್ಕದಲ್ಲೇ ಇದ್ದರು. ಅವರದು ಮಡಿ, ಮುಹೂರ್ತ ಎಲ್ಲವನ್ನೂ ಕಟ್ಟುನಿಟ್ಟಾಗಿ ನಡೆಸುವ ಮನೆತನ. "ಗೃಹಪ್ರವೇಶದ ದಿನ ಗೋಡೆ ಒಡೆಯೋದು ಅಂದ್ರೆ ಏನಮ್ಮ? ಬಾಯಲ್ಲಾದರೂ ಆ ಮಾತು ಬರಬಾರದು" ಎಂದರು.

"ಒಳ್ಳೆ ದಿನ ಅಂತಲೇ ಯೋಳ್ತಿರೋದು ಅಮ್ಮಾವ್ರೆ. ಒಳ್ಳೆ ದಿನವೇ ಆಗೋಗ್ಲಿ."

ನನ್ನ ಗಂಡ ಸಮಾಧಾನ ಮಾಡಲು, "ಎರಡು ದಿನ ಬಿಟ್ಟು ಮೇಸ್ತ್ರಿ ಕರೆಸ್ತೀನಿ. ಮನೆ ತುಂಬ ನೆಂಟರಿದ್ದಾರೆ, ನಾಳೆ ಬೆಳಿಗ್ಗೆ ಇಪ್ಪತ್ತು ಜನಕ್ಕೆ ಸ್ನಾನಕ್ಕೆ ಬಿಸಿನೀರು ಬೇಕು" ಎಂದರು.

ಒಲೆಯಮ್ಮ ಎಲೆಯ ಮುಂದೆ ಹೋಗಿ ಕೂತರು. ಊಟ ಮಾಡಿದರು, ಪಾಯಸ ಎರಡು ಸಲ ಹಾಕಿಸಿಕೊಂಡರು, ಹೇಳಿ ಹೊರಟರು. ಅವರು ಹೋಗಿ ಒಂದು ಗಂಟೆಯ ಮೇಲೆ ಯಾರೋ ಕೈಕಾಲು ತೊಳೆಯಲು ಗೀಸರ್ ಹಾಕಲು ಹೋದರೆ, ಗೀಸರಿನ ಸಿಲಿಂಡರಿನ ಮೇಲೆ ರೆಗ್ಯುಲೇಟರೇ ಇಲ್ಲ. ಒಲೆಯಮ್ಮ ಅದನ್ನು ಬಿಚ್ಚಿ ಎಲೆಅಡಿಕೆ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದ್ದರು.

ಮನೆಯಲ್ಲಿ ದೊಡ್ಡ ಗದ್ದಲವಾಯಿತು. ಮಾರನೆಯ ಬೆಳಿಗ್ಗೆ ಅಡುಗೆ ಒಲೆಯ ಮೇಲೆ ಪಾತ್ರೆ ಪಾತ್ರೆ ನೀರು ಕಾಯಿಸಿ ನೆಂಟರಿಗೆ ಕೊಟ್ಟೆವು. ಸರದಿ ಬಾರದೆ ಕೆಲವರು ಸ್ನಾನ ಮಾಡದೆಯೇ ಹೊರಟರು. ಅತ್ತೆ ನನ್ನ ಜೊತೆ ಮಾತು ಬಿಟ್ಟರು. ನನಗೂ ಅವಮಾನವಾಗಿತ್ತು. ಅವತ್ತೇ ಹೊಳೆನರಸೀಪುರದ ಬಸ್ಸು ಹತ್ತಿದೆ. ಎರಡು ಮಾತು ಕೇಳಿಯೇ ಬರಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ.

ಅವರು ಜಗುಲಿಯ ಮೇಲೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ನನ್ನ ಮುಖ ನೋಡಿಯೇ, "ಬೈಯ್ಯೋಕ್ ಬಂದಿದ್ದೀರ. ಬೈಯ್ರಿ. ಆಮೇಲ್ ನಾನೊಂದ್ ಮಾತ್ ಯೋಳ್ತೀನಿ" ಎಂದರು.

ನಾನು ಜಗುಲಿಯ ತುದಿಯಲ್ಲಿ ಕೂತು, ಮೊದಲು ನೀವೇ ಹೇಳಿ ಎಂದೆ. ಅವರೇ ಹೇಳಿದರು.

ಅವರ ತವರು ಅರಕಲಗೂಡಿನ ಕಡೆಯ ಒಂದು ಹಳ್ಳಿ. ಅವರಿಗೆ ಹತ್ತೊಂಬತ್ತು ವರ್ಷವಾಗಿದ್ದಾಗ, ಚನ್ನರಾಯಪಟ್ಟಣಕ್ಕೆ ಕೊಟ್ಟಿದ್ದ ಅಕ್ಕ ಚೊಚ್ಚಲ ಹೆರಿಗೆಗೆ ಬಂದಿದ್ದರು. ಮಾರ್ಗಶಿರದ ಚಳಿ. ಬಾಣಂತಿಯ ಕೋಣೆ ಬೆಚ್ಚಗಿರಲೆಂದು ಇವರೇ ಬಾಂಡಲೆಯ ತುಂಬ ಇದ್ದಿಲ ಕೆಂಡ ತಂದಿಟ್ಟರು, ಕಿಟಕಿಗೆ ಗೋಣಿ ಕಟ್ಟಿದರು. ಅಕ್ಕನ ಜೊತೆ ತಾಯಿ ಮಲಗಿದ್ದರು. ಮಗು ಅತ್ತಿತೆಂದು ಅಜ್ಜಿ ಅದನ್ನು ನಡುಮನೆಗೆ ಎತ್ತಿಕೊಂಡು ಹೋಗಿದ್ದರು. ಬೆಳಿಗ್ಗೆ ಬಾಗಿಲು ತೆರೆದರೆ ತಾಯಿಯಲ್ಲಿ ಉಸಿರಿರಲಿಲ್ಲ. ಅಕ್ಕನಿಗೆ ಪ್ರಜ್ಞೆ ಇರಲಿಲ್ಲ. ಅಂಗಳಕ್ಕೆ ಎತ್ತಿ ತಂದು ಗಾಳಿ ತಾಗಿದ ಮೇಲೆ ಅಕ್ಕ ಕಣ್ಣು ಬಿಟ್ಟರು.

"ಒಗೆ ಇದ್ದಿದ್ರೆ ಕೆಮ್ಮಾದ್ರೂ ಬರೋದು. ಕೆಂಡಕ್ಕೆ ಒಗೆ ಇರಲ್ಲ. ಬೆಚ್ಚಗೆ ನಿದ್ದೆ ಬಂದಂಗ್ ಬತ್ತೈತೆ, ಅಂಗೇ ಕರ್ಕೊಂಡೋಯ್ತೈತೆ. ನಿಮ್ಮ ಗೀಸರ್ರೂ ಅಂಗೇ. ಉರಿ ಯಾವ್ದಾದ್ರೇನು, ಗಾಳಿ ಬೇಕು" ಎಂದರು. ಇನ್ನೆರಡು ಕಾಯಿ ಸುಲಿದು, "ಕಿಟ್ಕಿ ಮುಚ್ಚಿದ್ದು ನಾನೇ" ಎಂದು ಸೇರಿಸಿದರು.

ಅದಾದ ಮೇಲೆ ಅವರ ತಂದೆ ಒಂದು ವರ್ಷ ಮಗಳ ಜೊತೆ ಮಾತಾಡಲಿಲ್ಲವಂತೆ. ಊರಿನಲ್ಲಿ ಅವರಿಗೆ ಕೆಂಡ ಇಟ್ಟೋಳು ಎಂದೇ ಹೆಸರಾಯಿತು. ಬಂದ ಗಂಡುಗಳು ಆ ಮಾತು ಕೇಳಿ ವಾಪಸು ಹೋದರು. ಕೊನೆಗೆ ಹೊಳೆನರಸೀಪುರದ ಒಬ್ಬ ಗಾರೆ ಕೆಲಸದವರು ಎಲ್ಲ ತಿಳಿದೇ ಮದುವೆಯಾದರು. ತಾಲ್ಲೂಕು ಕಚೇರಿಯಿಂದ ಹೆಂಗಸರಿಗೆ ಹೊಗೆಯಿಲ್ಲದ ಒಲೆ ಕಟ್ಟಲು ಕಲಿಸುತ್ತಾರೆಂದು ಗೊತ್ತಾದಾಗ ಮೊದಲು ಹೋಗಿ ಕೂತವರು ಇವರು. ಕಲಿಸಲು ಬಂದವರನ್ನು ಒಲೆಯ ಬಗ್ಗೆ ಕಡಿಮೆ, ಗಾಳಿಯ ಬಗ್ಗೆ ಹೆಚ್ಚು ಕೇಳಿ ಸುಸ್ತು ಮಾಡಿದರಂತೆ.

ದಹನಕ್ರಿಯೆಯ ಪಾಠವನ್ನು ನಾನು ಎಷ್ಟು ವರ್ಷ ಮಾಡಿದ್ದೆನೋ. ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ ಎಂದು ಮಕ್ಕಳಿಗೆ ಬರೆಸಿ, ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಕೇಳಿ, ಅದೇ ಅನಿಲ ಬಿಡುವ ಗೀಸರನ್ನು ಮುಚ್ಚಿದ ಬಚ್ಚಲಿನಲ್ಲಿ ಕೂರಿಸಿಕೊಂಡಿದ್ದೆ. ಹಾಸನಕ್ಕೆ ವಾಪಸು ಬಂದು ಅತ್ತೆಯ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಅವರು ಕೊನೆಯವರೆಗೂ ಕೇಳಿದರು. ಎದ್ದು ಹೋಗಿ ನನ್ನ ಗಂಡನನ್ನು ಕರೆದು, "ಮೇಸ್ತ್ರಿಗೆ ಫೋನ್ ಮಾಡು. ನಾಳೆ ಬೆಳಿಗ್ಗೆನೇ ಒಡೆಸು. ಶಾಂತಿಗೆ ಏನು ಮಾಡಬೇಕೋ ನಾನು ಮಾಡಿಸ್ತೀನಿ" ಎಂದರು. ಗೀಸರ್ ಹೊರಗಿನ ಗೋಡೆಗೆ ಹೋಯಿತು, ಬಣ್ಣದ ಗಾಜು ಹೋಯಿತು. ಒಲೆಯಮ್ಮ ಬಂದು ನೋಡಿ ರೆಗ್ಯುಲೇಟರ್ ಕೊಟ್ಟರು. ಆಮೇಲಿನ ವರ್ಷಗಳಲ್ಲಿ ಅತ್ತೆ ನಮ್ಮ ನೆಂಟರಿಷ್ಟರ ಯಾರ ಮನೆಗೆ ಹೋದರೂ ಮೊದಲು ಬಚ್ಚಲ ಕಿಟಕಿ ನೋಡುತ್ತಿದ್ದರು. ಚನ್ನರಾಯಪಟ್ಟಣದ ನನ್ನ ನಾದಿನಿಯ ಮನೆಯಲ್ಲಂತೂ ಗೀಸರ್ ಹೊರಗೆ ಹೋಗುವವರೆಗೆ ನೀರು ಮುಟ್ಟುವುದಿಲ್ಲ ಎಂದು ಹಟ ಹಿಡಿದು ಗೆದ್ದು ಬಂದರು.

ಹೋದ ಮಾರ್ಗಶಿರದಲ್ಲಿ ಒಲೆಯಮ್ಮನಿಗೆ ಮೈ ಸರಿಯಿಲ್ಲ ಎಂದು ಕೇಳಿ ನೋಡಲು ಹೋದೆ. ಬೆಳಗಿನ ಮೊದಲ ಬಸ್ಸಿಗೇ ಹೋಗಿದ್ದರಿಂದ ಹೊಳೆಯ ಕಡೆಯಿಂದ ಕುಳಿರ್ಗಾಳಿ ಬೀಸುತ್ತಲೇ ಇತ್ತು. ಒಲೆಯಮ್ಮ ಸೊರಗಿ ಇಳಿದುಹೋಗಿದ್ದರು. ಆದರೂ ಬಚ್ಚಲ ಒಲೆಯ ಮುಂದೆ ಕೂತು ಮಟ್ಟೆ ಇಡುತ್ತಿದ್ದರು. ಚನ್ನರಾಯಪಟ್ಟಣದಿಂದ ಅವರ ಅಕ್ಕ ಬಂದಿದ್ದರು. ಅವರನ್ನು ನಾನು ನೋಡಿದ್ದು ಅದೇ ಮೊದಲು. ಎಪ್ಪತ್ತರ ಹತ್ತಿರದ, ತುಂಬಾ ಮೆದು ಮಾತಿನ ಹೆಂಗಸು. ಸ್ನಾನಕ್ಕೆಂದು ಟವೆಲು ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತಿದ್ದರು. ಆ ಬಚ್ಚಲ ಕಿಟಕಿಗೆ ಬಾಗಿಲೇ ಇರಲಿಲ್ಲ, ಬರೀ ಕಂಬಿ. ಗಾಳಿ ನುಗ್ಗುತ್ತಿತ್ತು.

"ಮೈಯೆಲ್ಲ ನಡುಗ್ತದಲ್ಲೇ. ಆ ಕಿಟ್ಕಿಗೊಂದ್ ಗೋಣಿನಾದ್ರೂ ಕಟ್ಟಬಾರ್ದಾ" ಎಂದರು ಅಕ್ಕ.

ಕೈಯಲ್ಲಿದ್ದ ಟವೆಲು ಕೆಳಗೆ ಬಿತ್ತು. ಒಲೆಯಮ್ಮ ತಿರುಗಿ ನೋಡಲಿಲ್ಲ. ಇನ್ನೊಂದು ಮಟ್ಟೆ ಒಳಗೆ ತಳ್ಳಿದರು.

ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಧಾನವಾಗಿ ಅಲ್ಲೇ ಕೂತರು. ನಾನೊಬ್ಬಳು ಹೊರಗಿನವಳು ಇದ್ದೇನೆ ಎಂಬುದೂ ಅವರಿಗೆ ಮರೆತಿತ್ತು. "ಅವತ್ತು ನಾನೇ ಕಣೇ ಅಂದಿದ್ದು" ಎಂದರು. "ನೀನು ಅರ್ಧ ಕಿಟ್ಕಿ ಬಿಟ್ಟು ಕಟ್ಟೋಗಿದ್ದೆ. ಚಳಿ ಆಯ್ತದೆ, ಪೂರ್ತಿ ಮುಚ್ಚವ್ವ ಅಂತ ಅವ್ವನ್ನ ಎಬ್ಬಿಸ್ದೆ. ಪಾಪ, ಎದ್ದು ಕಟ್ಬುಟ್ಟು ಮಲಗುದ್ಲು. ಇಷ್ಟ್ ವರ್ಸ ನನ್ ಬಾಯಿಗ್ ಬರ್ಲಿಲ್ಲ. ಎಲ್ಲಾ ನಿನ್ನ ಅಂದ್ರು. ನಾನ್ ಕೇಳ್ಕೊಂಡ್ ಕುಂತಿದ್ದೆ."

"ಗೊತ್ತು ಕಣಕ್ಕ" ಎಂದರು ಒಲೆಯಮ್ಮ.

"ಏನ್ ಗೊತ್ತು?"

"ಬೆಳಿಗ್ಗೆ ಗೋಣಿ ಬಿಚ್ಚಿದ್ದು ನಾನೇ ಅಲ್ವಾ. ಒಂದ್ ಕಡೆ ನನ್ ಗಂಟು, ಇನ್ನೊಂದ್ ಕಡೆ ಅವ್ವನ್ ಗಂಟು. ಅವ್ವ ಎರಡ್ ಸುತ್ತು ಸುತ್ತಿ ಕಟ್ಟೋಳು. ಅವ್ವಂಗೆ ಯಾವತ್ತೂ ಚಳಿ ಅಂತಿರ್ಲಿಲ್ಲ. ನೀನ್ ಯೋಳಿರ್ತೀಯ ಅಂತ ಅವತ್ತೇ ತಿಳೀತು."

ಅಕ್ಕ ತಲೆ ಎತ್ತಿದರು. "ಮತ್ತೆ ಅಪ್ಪಂಗ್ ಯಾಕೆ ಯೋಳ್ಲಿಲ್ಲ? ನಿನ್ ಮದ್ವೆನೇ ನಿಂತೋಗಿತ್ತಲ್ಲೇ."

ಒಲೆಯಮ್ಮ ಎದ್ದರು. ಹಂಡೆಯ ಮುಚ್ಚಳ ಸರಿಸಿ, ನೀರಿಗೆ ಬೆರಳು ಅದ್ದಿ ನೋಡಿದರು. "ನೀನು ಎಂಟ್ ದಿನದ ಬಾಣಂತಿ. ನಿನ್ ಮ್ಯಾಲ್ ಹಾಕಿದ್ರೆ ಎದೆ ಹಾಲು ಬತ್ತೋಗೋದು. ಮಗಾನೂ ಓಗೋದು. ನಂಗೇನು, ಗಟ್ಟಿಯಾಗಿದ್ದೆ, ಹೊತ್ಕಂಡೆ."

ಹೊಳೆನರಸೀಪುರದ ಆ ಜಗುಲಿಯ ಮೇಲೆ ಕೂತು ಅವರು ನನಗೆ ಎಲ್ಲವನ್ನೂ ಹೇಳಿದ ದಿನವೂ, ಸುಳ್ಳು ಹೇಳುವ ಅಗತ್ಯವೇ ಇಲ್ಲದಿದ್ದಾಗಲೂ, ಕಿಟಕಿ ಮುಚ್ಚಿದ್ದು ನಾನೇ ಎಂದಿದ್ದರು. ನಲವತ್ತಕ್ಕೂ ಹೆಚ್ಚು ವರ್ಷದಲ್ಲಿ ಗಂಡನಿಗೂ ಬೇರೆ ಮಾತು ಹೇಳಿರಲಿಲ್ಲವಂತೆ. ಅವರ ಅಕ್ಕನ ಆ ಮಗು ಈಗ ಮೊಮ್ಮಕ್ಕಳಿರುವ ಹೆಂಗಸು.

ಅಕ್ಕ ಅಳಲು ಶುರುಮಾಡಿದರು. ನಾನು ಎಬ್ಬಿಸಲು ಹೋದೆ. ಒಲೆಯಮ್ಮ ಬೇಡವೆಂದು ಕೈಸನ್ನೆ ಮಾಡಿದರು. ಅತ್ತು ಮುಗಿಯುವವರೆಗೆ ಒಲೆಯ ಉರಿ ಸರಿಮಾಡುತ್ತಿದ್ದರು. ಆಮೇಲೆ ಕೆಳಗೆ ಬಿದ್ದ ಟವೆಲನ್ನು ಎತ್ತಿ ಕೊಡವಿ ಅಕ್ಕನ ಹೆಗಲ ಮೇಲೆ ಹಾಕಿದರು.

"ಏಳು. ನೀರ್ ಕಾದೈತೆ. ಆರೋಯ್ತೈತೆ ಓಗು."

ಅಕ್ಕ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಒಲೆಯಮ್ಮ ಹೊಸ್ತಿಲಿನ ಈಚೆ ಗೋಡೆಗೆ ಒರಗಿ ಕೂತರು. ಒಳಗೆ ಚೊಂಬಿನ ಸದ್ದು, ನೀರು ಸುರಿಯುವ ಸದ್ದು ಕೇಳುತ್ತಿತ್ತು. ಸದ್ದು ಸ್ವಲ್ಪ ನಿಂತಿತು ಎನ್ನಿಸಿದಾಗಲೆಲ್ಲ ಅವರು ಕರೆಯುತ್ತಿದ್ದರು.

"ಅಕ್ಕಾ."

"ಊಂ" ಎನ್ನುತ್ತಿತ್ತು ಒಳಗಿನ ದನಿ.